ಖಾಲಿ ಮನೆಯ ನಲ್ಲಿ ಮೊದಲು ನೋಡು

ಶಿಕಾಗೋದಲ್ಲಿ ಒಂದು ಇಡೀ ಕಟ್ಟಡದ ಉಸ್ತುವಾರಿ ನಿನ್ನ ಕೈಗೆ ಬಂದಿದೆ ಅಂತ ಕೇಳಿ ತುಂಬಾ ಸಂತೋಷ ಆಯ್ತು ಕಣಮ್ಮಾ. ಕೆಳಗೆ ಅಂಗಡಿ, ಮೇಲೆ ನಾಲ್ಕು ಅಂತಸ್ತು ಬಾಡಿಗೆ ಮನೆ, ಅಡಿಯಲ್ಲಿ ಕಾರು ನಿಲ್ಲಿಸೋ ಗರಾಜು. ಇಂಥ ಕಟ್ಟಡಗಳ ಬಾಯ್ಲರ್ ರೂಮುಗಳಲ್ಲೇ ನಿನ್ನ ದೊಡ್ಡಪ್ಪನ ಅರ್ಧ ಆಯುಸ್ಸು ಕಳೆದಿದೆ. ಅದಕ್ಕೇ ಚಳಿ ಕಾಲಿಡೋ ಮುಂಚೆ ಒಂದು ಮಾತು. ನೀರಿನ ಪೈಪು ಹೆಪ್ಪುಗಟ್ಟೋದು ಜನ ಓಡಾಡೋ ಕಡೆ ಅಲ್ಲ, ಯಾರೂ ತಿರುಗಿ ನೋಡದ ಕಡೆ. ಖಾಲಿ ಬಿದ್ದ ಮನೆ, ರಜೆಗೆ ಮುಚ್ಚಿದ ಅಂಗಡಿ, ಹಿಂದಿನ ಮೆಟ್ಟಿಲು, ಗರಾಜಿನ ಮೂಲೆ. ಡಿಸೆಂಬರಿನಲ್ಲಿ ನಿನ್ನ ಕಣ್ಣು ಮೊದಲು ಅಲ್ಲಿಗೆ ಹೋಗಬೇಕು.

ಪೈಪು ಹೇಗೆ ಒಡೆಯುತ್ತೆ ಅನ್ನೋದು ಚೆನ್ನಾಗಿ ತಿಳಿದಿರಲಿ. ನೀರು ಮಂಜುಗಡ್ಡೆ ಆದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಹಾಗಂತ ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಸೀಳುತ್ತೆ ಅಂದ್ಕೋಬೇಡ. ಗಡ್ಡೆ ಬೆಳೀತಾ ಹೋದ ಹಾಗೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರನ್ನ ಒತ್ತುತ್ತೆ. ಆ ನೀರಿಗೆ ಹೋಗೋಕೆ ದಾರಿಯಿಲ್ಲ. ಒತ್ತಡ ಏರಿ ಏರಿ, ಎಲ್ಲಿ ಪೈಪು ಸೋತಿದೆಯೋ ಅಲ್ಲಿ, ಎಷ್ಟೋ ಸಲ ಬೆಚ್ಚಗಿರೋ ಜಾಗದಲ್ಲೇ, ತಾಮ್ರ ಬಿರಿಯುತ್ತೆ. ಕೊರೆಯೋ ರಾತ್ರಿ ನಲ್ಲಿಯನ್ನ ಸಣ್ಣಗೆ ಬಿಟ್ಟಿರಿ ಅನ್ನೋದು ಮುಖ್ಯವಾಗಿ ಇದಕ್ಕೇ, ಆ ಒತ್ತಡಕ್ಕೆ ಹೊರಬರೋ ದಾರಿ ಇರಲಿ ಅಂತ. ಬಿಸಿನೀರಿನ ನಲ್ಲಿಯನ್ನೂ ಬಿಡಬೇಕು, ತಣ್ಣೀರಿನದೊಂದೇ ಸಾಲದು.

ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು ಪರೀಕ್ಷೆ ಮಾಡಿ ಒಂದು ಗಡಿ ಹಾಕಿಕೊಟ್ಟಿದ್ದಾರೆ. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಮೈನಸ್ 7 ಸೆಲ್ಸಿಯಸ್ ಹತ್ತಿರ ಬಂತು ಅಂದ್ರೆ ಎಚ್ಚರ. ಆದರೆ ಗಾಳಿ ನೇರವಾಗಿ ಪೈಪಿಗೆ ಸೋಕುತ್ತಿದ್ದರೆ ಆ ಲೆಕ್ಕವನ್ನೂ ನಂಬೋ ಹಾಗಿಲ್ಲ. 2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ಆಗಿತ್ತು. ಅಂಥ ದಿನ ಗೋಡೆಯಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಸಾಕು.

ಆ ಸಂದಿ ಹುಡುಕೋದು ಹೇಗೆ ಹೇಳ್ತೀನಿ. ನವೆಂಬರಿನಲ್ಲಿ ಗಾಳಿ ಬೀಸೋ ಒಂದು ದಿನ ಒಂದು ಊದಿನಕಡ್ಡಿ ಹಚ್ಚಿಕೊಂಡು ಹೊರಗೋಡೆಯ ಮನೆಗಳಿಗೆಲ್ಲ ಹೋಗು. ಅಡುಗೆಮನೆ ಸಿಂಕಿನ ಕೆಳಗಿನ ಬಾಗಿಲು ತೆಗೆದು, ಪೈಪು ಗೋಡೆಯೊಳಗಿಂದ ಹೊರಬರೋ ಜಾಗದಲ್ಲಿ ಕಡ್ಡಿ ಹಿಡಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿ. ನಿನ್ನ ಕಡೆಗೆ ಬಾಗಿದರೆ ಹೊರಗಿನ ಗಾಳಿ ಒಳಗೆ ಬರ್ತಿದೆ ಅಂತಲೇ ಅರ್ಥ. ಕೇಬಲ್ ಟೀವಿಯವರು ಕೊರೆದು ಬಿಟ್ಟ ತೂತು, ಬಟ್ಟೆ ಡ್ರೈಯರಿನ ಬಿಸಿಗಾಳಿ ಹೋಗೋ ಕಿಂಡಿಯ ಸುತ್ತಲ ಸಂದಿ, ಹೊರಗಿನ ನಲ್ಲಿಯ ಸುತ್ತ ಉದುರಿದ ಸಿಮೆಂಟು, ಎಲ್ಲ ಕಡೆ ಹೀಗೇ ನೋಡು. ಸಿಕ್ಕ ತೂತನ್ನ ಅವತ್ತೇ ಫೋಮ್ ಇಲ್ಲವೇ ಕಾಕ್ ಹಾಕಿ ಮುಚ್ಚಿಸು. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ದೊಡ್ಡ ಅನಾಹುತ ತಪ್ಪಿಸೋ ಕೆಲಸ ಕಟ್ಟಡದಲ್ಲಿ ಬೇರೆ ಇಲ್ಲ.

ಇನ್ಸುಲೇಷನ್ ಹಾಕಿಸಿದ್ದೀವಲ್ಲ ಅಂತ ನಿಶ್ಚಿಂತೆಯಾಗಿ ಇರೋರು ಬಹಳ. ಅದು ಕಂಬಳಿ ಇದ್ದ ಹಾಗೆ ತಾಯಿ, ಇರೋ ಶಾಖ ಓಡಿಹೋಗದಂತೆ ತಡೆಯುತ್ತೆ, ತಾನೇ ಶಾಖ ಹುಟ್ಟಿಸೋದಿಲ್ಲ. ಹೊರಗೋಡೆಯಲ್ಲಿ ಪೈಪು ಇದ್ದರೆ ಇನ್ಸುಲೇಷನ್ ಪೈಪಿಗೂ ಹೊರಗಿನ ಚಳಿಗೂ ಮಧ್ಯೆ ಇರಬೇಕು. ಕೆಲಸದವರು ಎಷ್ಟೋ ಸಲ ಪೈಪಿಗೂ ಕೋಣೆಗೂ ಮಧ್ಯೆ ತುರುಕಿ ಹೋಗ್ತಾರೆ. ಆಗ ಕೋಣೆಯ ಬೆಚ್ಚನೆ ಗಾಳಿಯೂ ಪೈಪಿಗೆ ತಲುಪೋದಿಲ್ಲ, ಹಾಕಿಸದೇ ಇದ್ದಿದ್ದರೇ ವಾಸಿ ಅನ್ನೋ ಹಾಗಾಗುತ್ತೆ. ಗರಾಜಿನ ಪೈಪಿಗೆ ಹೀಟ್ ಕೇಬಲ್ ಸುತ್ತಿದ್ದರೆ ಅದಕ್ಕೆ ಕರೆಂಟು ಬರ್ತಿದೆಯಾ ಅಂತ ಕೈಯಾರೆ ನೋಡು. ಬೇಸಿಗೆಯಲ್ಲಿ ಯಾರೋ ಪ್ಲಗ್ ಕಿತ್ತು ಫ್ಯಾನು ಹಾಕಿಕೊಂಡಿರ್ತಾರೆ.

ಖಾಲಿ ಮನೆ ಬಗ್ಗೆ ನನಗೆ ಹೆಚ್ಚು ಚಿಂತೆ. ಬಾಡಿಗೆಯವರು ಬಿಟ್ಟುಹೋದರು ಅಂತ ಹೀಟರ್ ಆರಿಸೋದು ಉಳಿತಾಯ ಅಲ್ಲ. ಯಾರೂ ಇಲ್ಲದಿದ್ದರೂ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಸಬೇಡ. ಇಡೀ ಚಳಿಗಾಲ ಖಾಲಿಯೇ ಇರೋದಾದರೆ ಆ ಮನೆಯ ವಾಲ್ವ್ ಮುಚ್ಚಿ, ಪೈಪಿನ ನೀರೆಲ್ಲ ಬಸಿಸಿ, ಸಿಂಕು ಮತ್ತು ಕಮೋಡಿನ ಟ್ರ್ಯಾಪುಗಳಿಗೆ ಕೊಳಾಯಿಗೆಂದೇ ಸಿಗುವ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಸುರಿಸು. ಕಾರಿಗೆ ಹಾಕೋದನ್ನ ಮಾತ್ರ ಬೇಡ, ಅದು ವಿಷ. ಯಾವ ದಿನ ಯಾವ ಮನೆಯಲ್ಲಿ ಎಷ್ಟು ಡಿಗ್ರಿ ಇತ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಡು. ಪೈಪು ಒಡೆದಾಗ ವಿಮೆಯವರು ಮೊದಲು ಕೇಳೋದೇ ಮನೆ ಬೆಚ್ಚಗಿಟ್ಟಿದ್ರಾ ಅಂತ.

ಅಂಗಡಿಗಳ ಕಷ್ಟ ಬೇರೆ ಥರ. ಕ್ರಿಸ್‌ಮಸ್ಸಿಂದ ಹೊಸವರ್ಷದವರೆಗೆ ದಂತವೈದ್ಯರ ಕ್ಲಿನಿಕ್ಕು, ಸಣ್ಣಪುಟ್ಟ ಆಫೀಸು ಬೀಗ ಹಾಕಿಕೊಂಡು ಹೋಗ್ತವೆ, ಥರ್ಮೋಸ್ಟಾಟನ್ನ ಪೂರ್ತಿ ಇಳಿಸಿ. ಅಲ್ಲಿ ತೆಳು ಫಾಲ್ಸ್ ಸೀಲಿಂಗಿನ ಮೇಲೆ ಸ್ಪ್ರಿಂಕ್ಲರ್ ಪೈಪು ಇರುತ್ತೆ. ಕೆಳಗೆ ಬೆಚ್ಚಗಿದ್ದರೂ ಮೇಲೆ ಕೊರೀತಿರುತ್ತೆ. ತೀರಾ ಚಳಿಯ ರಾತ್ರಿ, ಹೊರಗೋಡೆ ಪಕ್ಕ ಪೈಪು ಹಾದುಹೋಗೋ ಕಡೆ ಒಂದೆರಡು ಟೈಲ್ ಸರಿಸಿದರೆ ಬೆಚ್ಚನೆ ಗಾಳಿ ಮೇಲೇರುತ್ತೆ. ಚಳಿ ಇಳಿದ ಕೂಡಲೇ ವಾಪಸ್ ಕೂರಿಸು, ಬೆಂಕಿ ಬಿದ್ದಾಗ ಸ್ಪ್ರಿಂಕ್ಲರ್ ಸರಿಯಾಗಿ ಕೆಲಸ ಮಾಡೋಕೆ ಆ ಟೈಲು ಜಾಗದಲ್ಲಿರಬೇಕು. ನೀರು ತುಂಬಿದ ಸ್ಪ್ರಿಂಕ್ಲರ್ ಪೈಪು ಇರೋ ಜಾಗ 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಯಲೇಬಾರದು. ಗರಾಜಿನಲ್ಲಿ ಡ್ರೈ ಸಿಸ್ಟಂ ಇದೆಯಲ್ಲ, ಅದರಲ್ಲಿ ನೀರಿಲ್ಲ ಅಂತ ಮೈಮರೀಬೇಡ. ತಗ್ಗಿನ ಜಾಗಗಳಲ್ಲಿ ತೇವ ಸೇರಿ ನೀರು ನಿಲ್ಲುತ್ತೆ, ಒಡೆಯೋದು ಅಲ್ಲೇ. ಆ ತಗ್ಗಿನ ಡ್ರೈನುಗಳನ್ನ ಚಳಿಗೆ ಮುಂಚೆ ಒಮ್ಮೆ ಮತ್ತು ಚಳಿಯ ಮಧ್ಯೆ ಆಗಾಗ, ಲೈಸೆನ್ಸ್ ಇರೋ ಕಂಪನಿಯವರ ಕೈಯಲ್ಲಿ ಖಾಲಿ ಮಾಡಿಸು. ಏನೇ ಆಗಲಿ, ಸ್ಪ್ರಿಂಕ್ಲರ್ ಮುಚ್ಚಬೇಕಾಗಿ ಬಂದರೆ ಅಗ್ನಿಶಾಮಕದವರಿಗೆ ತಿಳಿಸದೆ, ಕಾವಲಿಗೆ ಒಬ್ಬರನ್ನ ಹಾಕದೆ ಮುಚ್ಚಬೇಡ. ಜನ ಮಲಗಿರೋ ಕಟ್ಟಡ ಅದು.

ಹೊರಗಿನ ನಲ್ಲಿಗೆ ಸಿಕ್ಕಿಸಿರೋ ಹೋಸ್ ಪೈಪನ್ನ ಅಕ್ಟೋಬರಿನಲ್ಲೇ ಬಿಚ್ಚಿಸಿಬಿಡು. ಚಳಿಗೆಂದೇ ಮಾಡಿದ ನಲ್ಲಿ ಕೂಡ ಹೋಸ್ ಬಿಚ್ಚದಿದ್ದರೆ ಒಡೆಯುತ್ತೆ.

ಇನ್ನು ಬಾಡಿಗೆಯವರು. ಶಿಕಾಗೋದಲ್ಲಿ ಶಾಖ ಮಾಲೀಕರೇ ಕೊಡೋ ಮನೆಗಳಲ್ಲಿ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲು 68, ರಾತ್ರಿ 66 ಡಿಗ್ರಿ ಇರಲೇಬೇಕು, ಅದು ನಗರದ ಕಾನೂನು. ಬಿಲ್ಲು ತಾವೇ ಕಟ್ಟೋರು ಮಾತ್ರ ದುಡ್ಡಿಗೆ ಹೆದರಿ ಹೀಟರ್ ಇಳಿಸಿ ಕೂತಿರ್ತಾರೆ. ಅವರನ್ನ ಬೈಯಬೇಡ. ಬಾಗಿಲಿಗೆ ಚೀಟಿ ಅಂಟಿಸಿ ಹೋಗೋದಲ್ಲ, ಬಾಗಿಲು ತಟ್ಟಿ ಮಾತಾಡು. ವಯಸ್ಸಾದ ಅಮ್ಮ ಒಬ್ಬರೇ ಇದ್ದರೆ ನೀನೇ ಸಿಂಕಿನ ಕೆಳಗಿನ ಬಾಗಿಲು ತೆರೆದು ತೋರಿಸು. ಭಾರತಕ್ಕೆ ಹೋಗಿ ತಿಂಗಳುಗಟ್ಟಲೆ ಇರೋ ನಮ್ಮವರ ಹತ್ತಿರ ಮನೆಯೊಳಗೆ ಹೋಗಿ ನೋಡೋಕೆ ಮೊದಲೇ ಒಪ್ಪಿಗೆ ತಗೋ, ಅವರ ಅಲ್ಲಿನ ನಂಬರನ್ನೂ ಬರೆದುಕೋ.

ಡಲ್ಲಾಸಿನಲ್ಲಿರೋ ನಿನ್ನ ಅಣ್ಣನಿಗೂ ಇದನ್ನೆಲ್ಲ ಹೇಳು. ಅಲ್ಲಿ ಚಳಿ ಎಲ್ಲಿದೆ ಅಂತ ಸುಮ್ಮನಿರೋದು ಬೇಡ. 2021ರ ಫೆಬ್ರವರಿ 16ರಂದು ಅಲ್ಲಿ ಮೈನಸ್ 2 ಫ್ಯಾರನ್‌ಹೀಟ್ ಆಯ್ತು. ಟೆಕ್ಸಸ್ಸಿನಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟಿಲ್ಲ, ಹೀಟರಿಲ್ಲ. ಆ ಕಡೆ ಪೈಪನ್ನ ಅಟ್ಟದಲ್ಲಿ ಹಾಯಿಸೋದು ರೂಢಿ, ಎಲ್ಲೆಲ್ಲೂ ಚಾವಣಿಯಿಂದ ನೀರು ಸುರೀತು. ಕರೆಂಟು ಹೋಗಿ ಮನೆ ತಣ್ಣಗಾಗ್ತಿದೆ ಅಂದ್ರೆ ಕಾಯೋದು ಬೇಡ, ಮುಖ್ಯ ವಾಲ್ವ್ ಮುಚ್ಚಿ ನಲ್ಲಿಗಳನ್ನ ತೆರೆದು ನೀರು ಬಸಿಯಲಿ.

ಇಷ್ಟಾದರೂ ಒಂದು ಬೆಳಿಗ್ಗೆ ಯಾವುದೋ ನಲ್ಲಿಯಲ್ಲಿ ನೀರು ಬಾರದಿದ್ದರೆ, ನಲ್ಲಿ ತೆರೆದೇ ಬಿಟ್ಟು, ಹೇರ್ ಡ್ರೈಯರಿನಿಂದ ನಲ್ಲಿಯ ಕಡೆಯಿಂದ ಹಿಂದಕ್ಕೆ ಹಿಂದಕ್ಕೆ ಬೆಚ್ಚಗೆ ಮಾಡ್ತಾ ಬಾ. ಬೆಂಕಿ, ಬ್ಲೋಟಾರ್ಚು ಹತ್ತಿರ ತರಬೇಡ, ಪೈಪು ಉಳಿಸೋಕೆ ಹೋಗಿ ಕಟ್ಟಡ ಸುಟ್ಟುಕೊಂಡವರಿದ್ದಾರೆ. ಸೀಳಿದ ಪೈಪು ಗಡ್ಡೆ ಕರಗಿದ ಮೇಲೇ ಸೋರೋದು, ಅದರಿಂದ ಚಳಿ ಬಿಟ್ಟು ಬಿಸಿಲು ಬಂದ ದಿನವೇ ನೀನು ಕಟ್ಟಡ ಬಿಟ್ಟು ಕದಲಬಾರದು.

ಮುಖ್ಯ ವಾಲ್ವ್ ಎಲ್ಲಿದೆ ಅಂತ ನಿನಗೊಬ್ಬಳಿಗೆ ಗೊತ್ತಿದ್ದರೆ ಸಾಲದು. ಅದಕ್ಕೆ ಕೆಂಪು ಚೀಟಿ ಕಟ್ಟು. ರಾತ್ರಿ ಪಾಳಿಯವನ ಕೈಯಲ್ಲೂ, ಪ್ರತಿ ಅಂತಸ್ತಿನ ಒಬ್ಬೊಬ್ಬರ ಕೈಯಲ್ಲೂ ಒಂದು ಸಲ ತಿರುಗಿಸಿ ಮುಚ್ಚಿಸು. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬಿಗಿದು ಹೋಗಿರುತ್ತೆ, ಅದು ಈಗಲೇ ಗೊತ್ತಾಗಲಿ. ಅಕ್ಟೋಬರ್ ಮುಗಿಯೋದರೊಳಗೆ ನಿನಗೆ ಅನುಕೂಲ ಆಗೋ ಒಂದು ಶನಿವಾರ ಹೇಳು, ನಾನೂ ಬರ್ತೀನಿ. ಗರಾಜಿನಿಂದ ಶುರು ಮಾಡಿ ಮೇಲಿನ ಅಂತಸ್ತಿನವರೆಗೆ ಒಟ್ಟಿಗೆ ನೋಡಿಬಿಡೋಣ.