ಕೈಪಿಡಿ ಮತ್ತು ಕಲಾದರ್ಶನ

ಅಪರಿಚಿತ ದೇಶಕ್ಕೆ ಕಾಲಿಟ್ಟವನಿಗೆ ದಾರಿ ತೋರುವವನೊಬ್ಬನು ಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಚರ್ಚುಗಳ ಚಿತ್ರಶಿಲ್ಪಗಳನ್ನು ಕಾಣಹೋದ ಆಂಗ್ಲ ಪ್ರವಾಸಿಗರಿಗೆ ಈ ಕಾರ್ಯವನ್ನು ನೆರವೇರಿಸಿದುದು ಕೈಪಿಡಿ. ಅದರಿಂದಾದ ಉಪಕಾರವೆಷ್ಟು, ಅದರ ಮಿತಿಯೆಷ್ಟು ಎಂಬುದು ವಿಚಾರಾರ್ಹವಾದ ಸಂಗತಿ.

ಹಿಂದಿನ ಶತಮಾನದಲ್ಲಿ ಇಂತಹ ಯಾತ್ರೆ ಬಹುಮಟ್ಟಿಗೆ ಸಿರಿವಂತರ ಮಕ್ಕಳದಾಗಿತ್ತು, ಅವರೊಡನೆ ಗುರುವೊಬ್ಬನಿರುತ್ತಿದ್ದನು. 1815ರಲ್ಲಿ ನೆಪೋಲಿಯನ್ನನ ಯುದ್ಧಗಳು ಮುಗಿದು, ಮುಂದೆ ಉಗಿಬಂಡಿಯೂ ಬಂದ ಮೇಲೆ ಮಧ್ಯಮ ವರ್ಗದವರೂ ಹೊರಟರು. ಗುರುವಿನ ಸ್ಥಾನಕ್ಕೆ ಪುಸ್ತಕ ಬಂದಿತು. ಮರಿಯಾನಾ ಸ್ಟಾರ್ಕ್ ಎಂಬ ಲೇಖಕಿ ಚಿತ್ರಗಳ ಹಿರಿಮೆಯನ್ನು ಆಶ್ಚರ್ಯಸೂಚಕ ಚಿಹ್ನೆಗಳಿಂದ ಅಳೆದಳು. ಚಿಹ್ನೆ ಹೆಚ್ಚಿದಷ್ಟೂ ಚಿತ್ರ ಶ್ರೇಷ್ಠ! ಲಂಡನ್ನಿನ ಜಾನ್ ಮರ್ರೆಯ ಕೈಪಿಡಿಗಳು 1836ರಿಂದ ಹೊರಬಂದವು. ಉತ್ತರ ಇಟಲಿಯ ಕೈಪಿಡಿ 1842ರಲ್ಲಿ ಪ್ರಕಟವಾಯಿತು. ಜರ್ಮನಿಯ ಕಾರ್ಲ್ ಬೇಡೆಕರನು ನೋಡಲೇಬೇಕಾದುದಕ್ಕೆ ನಕ್ಷತ್ರಚಿಹ್ನೆಯನ್ನಿಟ್ಟನು.

ಚರ್ಚು ಕಲಾಶಾಲೆಯಲ್ಲ, ಆರಾಧನೆಯ ಸ್ಥಳ. ಅಲ್ಲಿ ಬೆಳಕು ಮಂದ. ಕೆಲವು ಚಿತ್ರಗಳ ಮೇಲೆ ತೆರೆ. ಒಳಕೋಣೆಯ ಬೀಗದ ಕೈ ಪರಿಚಾರಕನ ವಶದಲ್ಲಿ. ಮಧ್ಯಾಹ್ನ ಬಾಗಿಲು ಮುಚ್ಚುವ ಹೊತ್ತು, ಪರಿಚಾರಕನಿಗೆ ಕೊಡಬೇಕಾದ ಕಾಣಿಕೆ, ಪ್ರಾರ್ಥಿಸುವವರಿಗೆ ಅಡ್ಡಿಯಾಗದಂತೆ ನಡೆಯುವ ರೀತಿ, ಇವೆಲ್ಲವನ್ನೂ ಕೈಪಿಡಿ ತಿಳಿಸುತ್ತಿತ್ತು. ಇದು ಸಣ್ಣ ಉಪಕಾರವಲ್ಲ. ಆದರೆ ನಕ್ಷತ್ರವಿದ್ದೆಡೆ ನಿಂತು, ಇಲ್ಲದೆಡೆ ನಿಲ್ಲದೆ ನಡೆಯುವ ಅಭ್ಯಾಸವೂ ಅದರೊಡನೆಯೇ ಬೆಳೆಯಿತು. ಮಿಲಾನಿನಲ್ಲಿ ಲಿಯೊನಾರ್ಡೊನ ಮಾಸಿದ 'ಕೊನೆಯ ಭೋಜನ'ದ ಮುಂದೆ ಜನರು ಪರವಶರಾಗುವುದನ್ನು ಕಂಡು ಅಮೆರಿಕದ ಮಾರ್ಕ್ ಟ್ವೇನ್ 1869ರ ತನ್ನ ಗ್ರಂಥದಲ್ಲಿ ಪರಿಹಾಸ ಮಾಡಿದನು.

ಜಾನ್ ರಸ್ಕಿನ್ನನು ಕಣ್ಣನ್ನು ತಿದ್ದಲೆಳಸಿದನು. 1875ರಿಂದ 1877ರವರೆಗೆ ಬಿಡಿಬಿಡಿಯಾಗಿ ಹೊರಬಂದ 'ಫ್ಲಾರೆನ್ಸಿನ ಮುಂಜಾವುಗಳು' ಎಂಬ ಕೃತಿಯಲ್ಲಿ, ಬೆಳಕು ಚೆನ್ನಾಗಿರುವ ಬೆಳಗಿನಲ್ಲಿ ದುರ್ಬೀನು ಹಿಡಿದು ಸಾಂತಾ ಕ್ರೋಚೆ ಚರ್ಚಿಗೆ ಹೋಗಿ, ಜೊತ್ತೊನ ಭಿತ್ತಿಚಿತ್ರಗಳನ್ನು ಸಾವಕಾಶವಾಗಿ ನೋಡಬೇಕೆಂದು ಬೋಧಿಸಿದನು. ಆದರೆ ವಿಧಿಯ ಕುಚೋದ್ಯವನ್ನು ನೋಡಿರಿ! ಸುಣ್ಣದ ಕೆಳಗೆ ಹುದುಗಿಹೋಗಿದ್ದ ಆ ಚಿತ್ರಗಳು ಹತ್ತೊಂಬತ್ತನೆಯ ಶತಮಾನದ ನಡುವೆ ಬೆಳಕಿಗೆ ಬಂದಾಗ, ಗಾಯೆತಾನೊ ಬಿಯಾಂಕಿ ಎಂಬ ಜೀರ್ಣೋದ್ಧಾರಕನು ಅಳಿದ ಭಾಗಗಳನ್ನು ತಾನೇ ಬರೆದು ತುಂಬಿದ್ದನು. ರಸ್ಕಿನ್ನನು ಮನಸಾರೆ ಕೊಂಡಾಡಿದ ಸಂತ ಲೂಯಿಯ ಆಕೃತಿಯಲ್ಲಿ ಬಿಯಾಂಕಿಯ ಕುಂಚವೇ ಬಹಳವಾಗಿ ಆಡಿತ್ತು. ಇಪ್ಪತ್ತನೆಯ ಶತಮಾನದ ತಜ್ಞರು ಅವನ ಸೇರಿಕೆಗಳನ್ನು ತೆಗೆದು, ಜೊತ್ತೊನ ಕೈಬರಹ ಉಳಿದಷ್ಟನ್ನೇ ಉಳಿಸಿದರು.

ಮಹಾವಿಮರ್ಶಕನೂ ಎಡವಿದನೆಂದ ಮಾತ್ರಕ್ಕೆ ಅವನ ಬೋಧೆ ವ್ಯರ್ಥವಾಗಲಿಲ್ಲ. ನಿಂತು ನೋಡುವುದನ್ನು ಅವನು ಕಲಿಸಿದನು. ಕಾವ್ಯಕ್ಕೆ ಟೀಕೆ ಹೇಗೋ ಕಲೆಗೆ ಕೈಪಿಡಿ ಹಾಗೆ. ಟೀಕೆಯಿಲ್ಲದೆ ಕಠಿಣ ಪದ್ಯ ತೆರೆದುಕೊಳ್ಳದು. ಟೀಕೆಯನ್ನೇ ಓದಿ ಪದ್ಯವನ್ನು ಬಿಟ್ಟವನಿಗೆ ರಸ ದಕ್ಕದು. ವಿದ್ಯಾರ್ಥಿಯ ಕೈಗೆ ಪುಸ್ತಕವನ್ನಿತ್ತ ಉಪಾಧ್ಯಾಯನು, ಅದನ್ನು ಮುಚ್ಚಿಟ್ಟು ಕಣ್ದೆರೆದು ನೋಡಬೇಕಾದ ಗಳಿಗೆಯನ್ನೂ ತೋರಿಸಿಕೊಟ್ಟಾಗಲೇ ವಿದ್ಯೆ ಪೂರ್ಣವಾಗುವುದು.