ನೀರಿನಿಂದ ಮೇಲಕ್ಕೆ ಬನ್ನಿ: ಟೂ-ಸ್ಟ್ರೋಕ್ ಔಟ್‌ಬೋರ್ಡಿಗೆ ವೇಗ ತುಂಬುವ 12 ಸೂತ್ರಗಳು

ಪುಣೆಗೂ ಟೂ-ಸ್ಟ್ರೋಕಿಗೂ ಹಳೆಯ ನಂಟು. 1972ರಲ್ಲಿ ಆಕುರ್ಡಿಯಿಂದ ಬಜಾಜ್ ಚೇತಕ್ ಬಂತು, ಅದೇ ವರ್ಷ ಕೈನೆಟಿಕ್ ಕಂಪನಿಯ ಲೂನಾ ಬಂತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಆಮೇಲೆ ಯಮಹಾ ಆರ್‌ಎಕ್ಸ್ 100, ಇವನ್ನೆಲ್ಲ ಬಿಚ್ಚಿ ಜೋಡಿಸಿಯೇ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳು ಈ ಊರಲ್ಲಿದ್ದಾರೆ. ಅವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮವರೂ ಉಂಟು. ಪೋರ್ಟ್ ಉಜ್ಜುವುದು, ಹೆಡ್ ಇಳಿಸುವುದು, ಸೈಲೆನ್ಸರ್ ಬದಲಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ.

ಇದೇ ವಿದ್ಯೆಯನ್ನು ಹೊತ್ತು ದೋಣಿಯ ಎಂಜಿನ್ನಿಗೆ ಕೈ ಹಾಕಿದಾಗ ತೊಡಕು ಶುರು. ಬೈಕಿನವನು ಸಿಲಿಂಡರಿನಿಂದ ಆರಂಭಿಸುತ್ತಾನೆ. ದೋಣಿಯಲ್ಲಿ ಆರಂಭ ನೀರಿನಿಂದ: ಮೊದಲು ದೋಣಿಯ ತಳ, ಆಮೇಲೆ ಪ್ರೊಪೆಲ್ಲರ್, ಎಂಜಿನ್ನಿನ ಎತ್ತರ, ತಂಪು, ಇಂಧನ, ಕಿಡಿ. ಪೋರ್ಟಿನ ಸರದಿ ಕಟ್ಟಕಡೆಗೆ. ಕೆಳಗಿನ ಸೂತ್ರಗಳು ಇದೇ ಕ್ರಮದಲ್ಲಿವೆ. ಕ್ರಮ ತಪ್ಪಿಸದಿದ್ದರೆ ಹಣವೂ ಉಳಿಯುತ್ತದೆ, ಪಿಸ್ಟನ್ನೂ ಉಳಿಯುತ್ತದೆ.

1. ನೀರಿಗಾಗಿಯೇ ಹುಟ್ಟಿದ ಎಂಜಿನ್ ಆರಿಸಿ

ಯೆಜ್ಡಿ ಎಂಜಿನ್ನನ್ನು ದೋಣಿಗೆ ಕೂರಿಸಬಹುದೇ? ಕೂರಿಸಬಹುದು, ಬಾಳಿಸುವುದು ಕಷ್ಟ. ಬೈಕಿನ ಎಂಜಿನ್ ಎದುರುಗಾಳಿಯಿಂದ ತಣಿಯುತ್ತದೆ, ರಸ್ತೆಯಲ್ಲಿ ಪೂರ್ತಿ ಥ್ರಾಟಲ್ ಸಿಗುವುದೂ ಕೆಲವೇ ಸೆಕೆಂಡು. ದೋಣಿಗೆ ಇಳಿಜಾರಿಲ್ಲ, ಥ್ರಾಟಲ್ ತೆರೆದಿರುವಷ್ಟು ಹೊತ್ತೂ ಪ್ರೊಪೆಲ್ಲರ್ ಭಾರ ಹೇರುತ್ತಲೇ ಇರುತ್ತದೆ. ನೀರಿನಿಂದ ತಣಿಯುವ, ಬಿಡಿಭಾಗ ಸುಲಭವಾಗಿ ಸಿಗುವ ಔಟ್‌ಬೋರ್ಡೇ ಸರಿ. ಮುಂದಿನ ಲೆಕ್ಕಗಳಿಗೆಲ್ಲ ಯಮಹಾ ಎಂಡ್ಯೂರೊ 40 ಎಚ್‌ಪಿ ಮಾದರಿಯನ್ನು ಇಟ್ಟುಕೊಳ್ಳೋಣ: ಎರಡು ಸಿಲಿಂಡರ್, 703 ಸಿಸಿ, 80 ಮಿ.ಮೀ. ಬೋರ್, 70 ಮಿ.ಮೀ. ಸ್ಟ್ರೋಕ್, ಗೇರ್ ಅನುಪಾತ 2:1.

2. ಬಿಚ್ಚುವ ಮುನ್ನ ಬರೆಯಿರಿ

ಆರ್‌ಪಿಎಂ ಮೀಟರ್, ಜಿಪಿಎಸ್, ಕಂಪ್ರೆಷನ್ ಗೇಜ್, ಒಂದು ನೋಟ್‌ಬುಕ್. ಮೊದಲ ಖರ್ಚು ಇವಕ್ಕೆ. ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ, ಎಷ್ಟು ವೇಗ, ದೋಣಿಯಲ್ಲಿ ಎಷ್ಟು ಜನ, ಎಷ್ಟು ಇಂಧನ, ಗಾಳಿ ಯಾವ ಕಡೆಯಿಂದ ಎಂಬುದನ್ನೆಲ್ಲ ಬರೆದಿಡಿ. ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆಗೆ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಎರಡು ಸಿಲಿಂಡರಿನ ಕಂಪ್ರೆಷನ್‌ನಲ್ಲಿ 10%ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಂಜಿನ್ನಿಗೆ ಬೇಕಿರುವುದು ರಿಪೇರಿ. ವೇಗದ ಮಾತು ಆಮೇಲೆ.

3. ಒಮ್ಮೆಗೆ ಒಂದೇ ಬದಲಾವಣೆ

ಜೆಟ್, ಪ್ರೊಪೆಲ್ಲರ್, ಟೈಮಿಂಗ್ ಮೂರನ್ನೂ ಒಂದೇ ದಿನ ಬದಲಿಸಿದವನಿಗೆ ಲಾಭ ಯಾವುದರಿಂದ ಬಂತು, ನಷ್ಟ ಯಾವುದರಿಂದ ಆಯಿತು ಎಂದು ಗೊತ್ತಾಗುವುದೇ ಇಲ್ಲ. ಒಂದನ್ನು ಬದಲಿಸಿ, ಓಡಿಸಿ, ಬರೆದು, ಆಮೇಲೆ ಮುಂದಿನದಕ್ಕೆ ಹೋಗಿ. ಬಿಚ್ಚಿ ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಇಡಿ. ಹಿಂದಕ್ಕೆ ಹೋಗುವ ದಾರಿ ಯಾವಾಗಲೂ ತೆರೆದಿರಲಿ.

4. ತಳ ನೇರವಾಗಿರಲಿ, ಹಿಂಬದಿಯ ಹಲಗೆ ಗಟ್ಟಿಯಿರಲಿ

ವೇಗದ ದೋಣಿ ನೀರನ್ನು ಸೀಳಿಕೊಂಡು ಹೋಗುವುದಿಲ್ಲ, ನೀರಿನ ಮೇಲೇರಿ ಜಾರುತ್ತದೆ. ತಳದ ಹಿಂಭಾಗದ ಕೊನೆಯ ಒಂದೆರಡು ಮೀಟರಿನಲ್ಲಿ ಸಣ್ಣ ಉಬ್ಬುತಗ್ಗಿದ್ದರೂ ಅದು ವೇಗವನ್ನು ತಿನ್ನುತ್ತದೆ. ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿದು ನೋಡಿ. ಬೆಳಕು ನುಸುಳಿದ ಕಡೆ ದುರಸ್ತಿ ಬೇಕು. ಫೈಬರ್ ದೋಣಿಯಾದರೆ ಎಂಜಿನ್ ತೂಗುವ ಟ್ರಾನ್ಸಮ್ ಒಳಗಿನ ಮರ ನೆನೆದು ಕೊಳೆತಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ಕೇಳಿ. ತಯಾರಕರು ಆ ದೋಣಿಗೆ ಎಷ್ಟು ಎಚ್‌ಪಿ ಹೇಳಿದ್ದಾರೋ ಅದು ಕೊನೆಯ ಗೆರೆ. ಬದಲಿಸಿದ ಎಂಜಿನ್ನಿಗೂ ಅದೇ ಗೆರೆ.

5. ಪ್ರೊಪೆಲ್ಲರ್ ಲೆಕ್ಕ ಬಾಯಲ್ಲೇ ಇರಲಿ

ದೋಣಿಯಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಲಾಭ ಸಿಗುವುದು ಇಲ್ಲೇ. ಲೆಕ್ಕ ಸರಳ: ಎಂಜಿನ್ ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ ಭಾಗಿಸಿ, ಪ್ರೊಪೆಲ್ಲರ್ ಒಂದು ಸುತ್ತಿಗೆ ಸಾಗಬೇಕಾದ ದೂರವಾದ, ಮೀಟರಿನಲ್ಲಿ ಹೇಳಿದ ಪಿಚ್‌ನಿಂದ ಗುಣಿಸಿ, ಮತ್ತೆ 60ರಿಂದ ಗುಣಿಸಿ 1000ದಿಂದ ಭಾಗಿಸಿ. 5500 ಆರ್‌ಪಿಎಂ, 2:1 ಗೇರ್, 13 ಇಂಚು ಅಂದರೆ 0.33 ಮೀಟರ್ ಪಿಚ್ ಆದರೆ ಗಂಟೆಗೆ 54 ಕಿ.ಮೀ. ಚಿಲ್ಲರೆ ಬರುತ್ತದೆ. ಜಿಪಿಎಸ್ 47 ತೋರಿಸಿದರೆ ಜಾರುವಿಕೆ ಸುಮಾರು 14%. ಹಗುರ ದೋಣಿಗೆ ಇದು ಒಪ್ಪುವ ಸಂಖ್ಯೆ. 20% ದಾಟಿದರೆ ಪ್ರೊಪೆಲ್ಲರ್, ತಳ, ಎತ್ತರ ಮೂರರಲ್ಲಿ ಯಾವುದೋ ಒಂದು ಕೆಟ್ಟಿದೆ.

ಪಿಚ್ ಒಂದು ಇಂಚು ಹೆಚ್ಚಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಪೂರ್ತಿ ಥ್ರಾಟಲ್‌ನಲ್ಲೂ ಎಂಜಿನ್ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟದಿದ್ದರೆ ಪಿಚ್ ಇಳಿಸಿ. ಭಾರವಾದ ಪ್ರೊಪೆಲ್ಲರ್ ಹೊತ್ತು ಏದುಸಿರು ಬಿಡುವ ಟೂ-ಸ್ಟ್ರೋಕ್ ಬಹುಕಾಲ ಬದುಕುವುದಿಲ್ಲ.

6. ಎಂಜಿನ್ ಎತ್ತರಿಸಿ, ಆದರೆ ನೀರಿನ ಧಾರೆ ನೋಡುತ್ತಾ

ಕೆಳಗಿನ ಗೇರ್ ಪೆಟ್ಟಿಗೆ ನೀರಿನೊಳಗೆ ಎಳೆದಾಡುವ ಬ್ರೇಕಿನಂತೆ ಕೆಲಸ ಮಾಡುತ್ತದೆ. ಪ್ರೊಪೆಲ್ಲರ್ ಮೇಲಿರುವ ಅಡ್ಡ ತಟ್ಟೆ ದೋಣಿಯ ತಳಕ್ಕೆ ಸಮನಾಗಿರುವುದು ಸಾಮಾನ್ಯ ಜೋಡಣೆ. ವೇಗದ ದೋಣಿಯಲ್ಲಿ ಅದನ್ನು ತಳಕ್ಕಿಂತ 25ರಿಂದ 50 ಮಿ.ಮೀ. ಮೇಲಕ್ಕೆ ಒಯ್ಯುತ್ತಾರೆ. ಒಮ್ಮೆಗೆ 10 ಮಿ.ಮೀ. ಏರಿಸಿ. ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿದು ಆರ್‌ಪಿಎಂ ಹಠಾತ್ತನೆ ಚಿಮ್ಮಿದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ನೀರು ಹೀರುವ ಕಿಂಡಿಯೂ ಎಂಜಿನ್ ಜೊತೆಗೇ ಮೇಲೇರುತ್ತದೆ ಎಂಬುದು ನೆನಪಿರಲಿ. ಇನ್ನೂ ಎತ್ತರ ಬೇಕಾದರೆ ಕಿಂಡಿಯನ್ನು ಮೂತಿಯ ಕೆಳಕ್ಕೆ ತರುವ ನೋಸ್ ಕೋನ್ ಬೇಕು. ನೀರಿನ ಒತ್ತಡದ ಮೀಟರ್ ಅಂತೂ ಬೇಕೇ ಬೇಕು.

7. ತಂಪಿಗೆ ಮೊದಲ ಗೌರವ

ನೀರೆತ್ತುವ ರಬ್ಬರ್ ಇಂಪೆಲ್ಲರನ್ನು ವರ್ಷಕ್ಕೊಮ್ಮೆ ಬದಲಿಸಿ. ನೀರಿಲ್ಲದೆ ಎಂಜಿನ್ ಶುರು ಮಾಡಬೇಡಿ. ಕೆಲವು ಸೆಕೆಂಡಿನಲ್ಲೇ ಆ ರಬ್ಬರ್ ಸುಟ್ಟುಹೋಗುತ್ತದೆ. ಪರೀಕ್ಷೆಗೆ ನೀರು ತುಂಬಿದ ಡ್ರಮ್ ಸಾಕು. ಮುಳಾ-ಮುಠಾ ನದಿಗಳಲ್ಲಿ ಬೇಸಿಗೆ ಬಂದರೆ ನೀರಿನ ಮೇಲೆ ಅಂತರಗಂಗೆ ಹಬ್ಬುತ್ತದೆ. ಅದರ ಬೇರು ಕಿಂಡಿಗೆ ಸಿಕ್ಕಿದರೆ ತಂಪುನೀರು ಹೊರಚಿಮ್ಮುವ ಟೆಲ್‌ಟೇಲ್ ಧಾರೆ ಸಣ್ಣಗಾಗುತ್ತದೆ. ಧಾರೆ ಸಣ್ಣಗಾದ ಕ್ಷಣವೇ ಎಂಜಿನ್ ಆರಿಸಿ. ಪುಣೆಯ ಸಿಹಿನೀರಿನಿಂದ ಕರಾವಳಿಗೆ ಒಯ್ಯುವವರು ಇನ್ನೊಂದನ್ನೂ ಬದಲಿಸಬೇಕು: ತುಕ್ಕು ತಡೆಯುವ ಬಲಿಲೋಹ. ಸಿಹಿನೀರಿಗೆ ಮೆಗ್ನೀಸಿಯಂ, ಉಪ್ಪುನೀರಿಗೆ ಸತು. ಸಮುದ್ರದಿಂದ ಬಂದ ಕೂಡಲೇ ಸಿಹಿನೀರು ಹಾಯಿಸಿ ಒಳಗೆಲ್ಲ ತೊಳೆಯಿರಿ.

8. ಪೆಟ್ರೋಲ್ ಬಂಕಿನ ಫಲಕ ಓದಿ, ಎಣ್ಣೆ ಡಬ್ಬಿಯ ಮೇಲಿನ ಅಕ್ಷರವನ್ನೂ ಓದಿ

ಬಂಕಿನಲ್ಲಿ ಈಗ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಔಟ್‌ಬೋರ್ಡ್ ತಯಾರಕರು ಸಾಮಾನ್ಯವಾಗಿ ಒಪ್ಪುವುದು 10% ತನಕ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಹಳೆಯ ಜೆಟ್‌ಗೆ ಮಿಶ್ರಣ ತೆಳುವಾಗುತ್ತದೆ. ಗಾಳಿಯ ತೇವವನ್ನೂ ಅದು ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಜೊತೆಗೆ ಟ್ಯಾಂಕಿನ ತಳಕ್ಕೆ ಇಳಿದು ಬೇರೆ ಪದರವಾಗುತ್ತದೆ. ಆ ಪದರ ಎಂಜಿನ್ ಸೇರಿದರೆ ಜಾರುವ ಎಣ್ಣೆಯೇ ಇಲ್ಲದ ದ್ರವ ಒಳಗೆ ಹೋದಂತೆ. ಆದ್ದರಿಂದ ತಾಜಾ ಇಂಧನ, ನೀರು ಬೇರ್ಪಡಿಸುವ ಫಿಲ್ಟರ್, ಎಥೆನಾಲ್ ತಾಳುವ ಕೊಳವೆ ಮೂರೂ ಇರಲಿ. ಓಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ.

ಎಣ್ಣೆಗೆ ಟಿಸಿ-ಡಬ್ಲ್ಯು3 ಗುರುತು ನೋಡಿ. ಬೈಕಿನ 2ಟಿ ಎಣ್ಣೆ ಬಿಸಿ ಸಿಲಿಂಡರಿಗಾಗಿ ಮಾಡಿದ್ದು. ತಣ್ಣಗೆ ಓಡುವ ಔಟ್‌ಬೋರ್ಡಿನಲ್ಲಿ ಅದು ಬೂದಿ ಬಿಡುತ್ತದೆ. ಲೀಟರಿಗೆ 20 ಮಿ.ಲೀ. ಹಾಕಿದರೆ 50:1, 40 ಮಿ.ಲೀ. ಹಾಕಿದರೆ 25:1. ಆರ್‌ಪಿಎಂ ಏರಿಸಿದ ಎಂಜಿನ್ನಿಗೆ ಎಣ್ಣೆಯಲ್ಲಿ ಜಿಪುಣತನ ಬೇಡ.

9. ಪುಣೆಯ ಜೆಟ್ ಮಲ್ಪೆಗೆ ನಡೆಯದು

ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ 5ರಿಂದ 6% ತೆಳು, ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಕಾರ್ಬ್ಯುರೇಟರಿಗೆ ಇದು ತಿಳಿಯದು; ಅದು ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ. ಹಾಗಾಗಿ ಇಲ್ಲಿ ಸಣ್ಣ ಜೆಟ್ ಹಾಕಿದರೆ ಪಿಕಪ್ ಚುರುಕಾಗುತ್ತದೆ. ಅದೇ ಎಂಜಿನ್ನನ್ನು ಹಾಗೇ ಮಲ್ಪೆಗೋ ಕಾರವಾರಕ್ಕೋ ಒಯ್ದು ದಟ್ಟ ಗಾಳಿಯಲ್ಲಿ ಪೂರ್ತಿ ತೆರೆದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಘಟ್ಟ ಇಳಿಯುವ ಮುನ್ನ ದೊಡ್ಡ ಜೆಟ್ ಹಾಕಿ, ಅಲ್ಲಿ ಪ್ಲಗ್ ನೋಡುತ್ತಾ ಹಂತಹಂತವಾಗಿ ಇಳಿಸಿ. ಪ್ಲಗ್ ನೋಡಬೇಕಾದರೆ ಪೂರ್ತಿ ಥ್ರಾಟಲ್‌ನಲ್ಲೇ ಎಂಜಿನ್ ಆರಿಸಿ ಬಿಚ್ಚಬೇಕು. ನಿಧಾನಕ್ಕೆ ದಡ ಸೇರಿದ ಮೇಲೆ ಕಾಣುವ ಬಣ್ಣಕ್ಕೆ ಬೆಲೆಯಿಲ್ಲ.

10. ಸೀಮೆಎಣ್ಣೆ ಎಂಜಿನ್ ಸಿಕ್ಕಿದರೆ ಅರ್ಧ ಕೆಲಸ ಬೇಡ

ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ನಾಡದೋಣಿಗಳು ಬಹುಕಾಲ ಓಡಿದ್ದು ಸೀಮೆಎಣ್ಣೆಯ ಔಟ್‌ಬೋರ್ಡಿನಲ್ಲಿ: ಪೆಟ್ರೋಲಿನಲ್ಲಿ ಶುರು, ಬಿಸಿಯಾದ ಮೇಲೆ ಸೀಮೆಎಣ್ಣೆ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲ್. ಸಬ್ಸಿಡಿ ಸೀಮೆಎಣ್ಣೆ ಸಾಲದಾದಾಗ ಪೆಟ್ರೋಲಿಗೆ ಬದಲಿಸಿಕೊಳ್ಳುವ ಮಾತು ಬಂತು. ಅಂಥ ಹಳೆಯ ಎಂಜಿನ್ ಕೈಗೆ ಸಿಕ್ಕಿದರೆ ಟ್ಯಾಂಕಿಗೆ ಪೆಟ್ರೋಲ್ ಸುರಿದ ಮಾತ್ರಕ್ಕೆ ವೇಗ ಬಾರದು. ಸೀಮೆಎಣ್ಣೆ ಬೇಗ ಬಡಿಯುವ ಇಂಧನವಾದ್ದರಿಂದ ಅದರ ಕಂಪ್ರೆಷನ್ ತಗ್ಗಿಸಿಯೇ ಮಾಡಿರುತ್ತಾರೆ. ಅದೇ ಮಾದರಿಯ ಪೆಟ್ರೋಲ್ ಆವೃತ್ತಿಯ ಬಿಡಿಭಾಗ ಪಟ್ಟಿ ಹಿಡಿದು ಹೆಡ್, ಗ್ಯಾಸ್ಕೆಟ್, ಜೆಟ್, ಪ್ಲಗ್, ಟೈಮಿಂಗ್ ಎಲ್ಲವನ್ನೂ ಹೋಲಿಸಿ. ಬೇರೆ ಇರುವುದನ್ನೆಲ್ಲ ಒಟ್ಟಿಗೇ ಬದಲಿಸಿ. ಮೂರನೇ ಸೂತ್ರಕ್ಕೆ ಇದೊಂದೇ ಅಪವಾದ.

11. ಹೆಡ್, ಕಿಡಿ, ಪೈಪ್: ಆರ್‌ಪಿಎಂ ನಿರ್ಧರಿಸಿದ ಮೇಲೆ

ಮೊದಲು ಗುರಿಯ ಆರ್‌ಪಿಎಂ ಬರೆಯಿರಿ. 70 ಮಿ.ಮೀ. ಸ್ಟ್ರೋಕಿನಲ್ಲಿ 5500 ಆರ್‌ಪಿಎಂಗೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.8 ಮೀಟರ್. 7500ಕ್ಕೆ 17.5 ಮೀಟರ್. ಕನೆಕ್ಟಿಂಗ್ ರಾಡಿನ ಮೇಲಿನ ಎಳೆತ ಮಾತ್ರ 86% ಏರುತ್ತದೆ, ಏಕೆಂದರೆ ಅದು ವೇಗದ ವರ್ಗದಂತೆ ಹೆಚ್ಚುತ್ತದೆ. 2018ರ ನವೆಂಬರಿನಲ್ಲಿ ಅಮರಾವತಿಯಲ್ಲಿ ಕೃಷ್ಣೆಯ ಮೇಲೆ ಓಡಿದ ಫಾರ್ಮುಲಾ-1 ದೋಣಿಗಳಲ್ಲಿದ್ದ 2.5 ಲೀಟರಿನ ಮರ್ಕ್ಯುರಿ ವಿ-6 ಟೂ-ಸ್ಟ್ರೋಕ್ 10,000 ಆರ್‌ಪಿಎಂ ದಾಟಿ ಸುಮಾರು 400 ಎಚ್‌ಪಿ ಕೊಡುತ್ತಿತ್ತು. ಅದು ಕಾರ್ಖಾನೆಯಲ್ಲೇ ಓಟಕ್ಕೆಂದು ಕಟ್ಟಿದ ಎಂಜಿನ್. ಮೀನುಗಾರಿಕೆಗೆ ಮಾಡಿದ ರಾಡನ್ನು ಅದರ ಪಕ್ಕ ನಿಲ್ಲಿಸಬೇಡಿ.

ಹೆಡ್ ಇಳಿಸಲು ಒಳ್ಳೆಯ ಲೇತ್ ಬೇಕು. ಹರಿಹರದ ಮೈಸೂರು ಕಿರ್ಲೋಸ್ಕರ್ ಮಾಡಿದ ಹಳೆಯ ಲೇತ್ ಸಿಕ್ಕಿದರೂ, ಅದರ ಹಾಸು ಸವೆದಿರದಿದ್ದರೆ, ಸಾಕು. 80 ಮಿ.ಮೀ. ಬೋರಿಗೆ ಅರ್ಧ ಮಿ.ಮೀ. ಇಳಿಸಿದರೆ ಒಳಜಾಗ ಸುಮಾರು 2.5 ಸಿಸಿ ಕುಗ್ಗುತ್ತದೆ. ಸೋಲ್ಡರ್ ತಂತಿ ತೂರಿಸಿ ಪಿಸ್ಟನ್ ತಿರುಗಿಸಿ, ಹೆಡ್ಡಿಗೂ ಪಿಸ್ಟನ್ನಿಗೂ ಕನಿಷ್ಠ 1 ಮಿ.ಮೀ. ಅಂತರ ಉಳಿದಿದೆಯೇ ಎಂದು ಅಳೆಯಿರಿ. ನಮ್ಮ ಸಾಮಾನ್ಯ ಪೆಟ್ರೋಲಿನ ಆಕ್ಟೇನಿಗೂ ಒಂದು ಮಿತಿಯಿದೆ ಎಂಬುದನ್ನು ಮರೆಯಬೇಡಿ. ಪ್ಲಗ್ಗಿನ ಪಿಂಗಾಣಿಯ ಮೇಲೆ ಬೆಳ್ಳಗೆ ಹೊಳೆಯುವ ಕಣ ಕಂಡರೆ ಅದು ಕರಗುತ್ತಿರುವ ಪಿಸ್ಟನ್. ಕಿಡಿಯನ್ನು ತಡವಾಗಿಸಿ, ಜೆಟ್ ದೊಡ್ಡದು ಮಾಡಿ.

ಪೈಪಿನ ಉದ್ದವೂ ಆರ್‌ಪಿಎಂ ಹೇಳಿದಂತೆ. ಎಕ್ಸಾಸ್ಟ್ ಪೋರ್ಟ್ ತೆರೆದಿರುವ ಡಿಗ್ರಿಯನ್ನು 500ರಿಂದ, ಅಂದರೆ ಬಿಸಿ ಅನಿಲದಲ್ಲಿ ಶಬ್ದ ಸೆಕೆಂಡಿಗೆ ಸಾಗುವ ಸುಮಾರು ಮೀಟರ್‌ಗಳಿಂದ ಗುಣಿಸಿ, ಆರ್‌ಪಿಎಂನ 12 ಪಟ್ಟಿನಿಂದ ಭಾಗಿಸಿ. 180 ಡಿಗ್ರಿಗೆ 6000 ಆರ್‌ಪಿಎಂನಲ್ಲಿ 1.25 ಮೀಟರ್, 7000ದಲ್ಲಿ 1.07 ಮೀಟರ್. ಮರಳಿ ಬರುವ ಒತ್ತಡದ ಅಲೆ ಹೊರಬಿದ್ದ ತಾಜಾ ಮಿಶ್ರಣವನ್ನು ಒಳಕ್ಕೆ ನೂಕುವುದು ಈ ಉದ್ದ ಹೊಂದಿದಾಗ ಮಾತ್ರ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಪಳಗಿಸಿದ ವಿದ್ಯೆ ಇದು. 1961ರಲ್ಲಿ ಎಂಜೆಡ್‌ನ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪರಾರಿಯಾದಾಗ ಅದು ಸುಜುಕಿಯ ಪಾಲಾಯಿತು. ಔಟ್‌ಬೋರ್ಡಿನಲ್ಲಿ ಒಂದು ಎಚ್ಚರ: ಎಕ್ಸಾಸ್ಟಿಗೆ ನೀರು ಸೇರಿದ ಕಡೆ ಅನಿಲ ತಣಿದು ಲೆಕ್ಕ ತಪ್ಪುತ್ತದೆ. ಅಲೆಯ ಹಾದಿ ಒಣಗಿರಲಿ.

ಇಷ್ಟೆಲ್ಲ ಮುಗಿದ ಮೇಲೂ ವೇಗ ಸಾಲದಿದ್ದರೆ ಆಗ ಪೋರ್ಟ್ ಮುಟ್ಟಿ. ಡಿಗ್ರಿ ಚಕ್ರ ಕಟ್ಟಿ ಅಳೆದು, ಎರಡೂ ಸಿಲಿಂಡರ್ ಒಂದೇ ಸಮ ಮಾಡಿ, ಅಂಚು ನಯಗೊಳಿಸಿ ರಿಂಗ್ ಸಿಕ್ಕದಂತೆ ನೋಡಿಕೊಳ್ಳಿ. ಉಜ್ಜಿ ತೆಗೆದ ಲೋಹವನ್ನು ಮರಳಿ ಹಚ್ಚಲಾಗದು. ಅದಕ್ಕೇ ಈ ಕೆಲಸ ಕೊನೆಯದು.

12. ಅನುಮತಿ, ಕಿಲ್ ಸ್ವಿಚ್, ಕೆಳಗಿನ ಊರು

ಖಡಕ್‌ವಾಸ್ಲಾ ಪುಣೆಯ ಕುಡಿಯುವ ನೀರು. ದಡದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿದೆ. ಜಲಸಂಪನ್ಮೂಲ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಪರೀಕ್ಷೆಯ ಯೋಚನೆಯೂ ಬೇಡ. 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಾಂತ್ರಿಕ ದೋಣಿಗೆ ನೋಂದಣಿ ಕೇಳುತ್ತದೆ. ಹಳೆಯ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ತನ್ನ ಇಂಧನದ ಕಾಲುಭಾಗದವರೆಗೂ ಸುಡದೆ ಹೊರಬಿಡುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಟಾಹೋ ಸರೋವರದಲ್ಲಿ 1999ರಿಂದ ಅವಕ್ಕೆ ನಿಷೇಧ. ಮುಠೆಗೆ ಬಿದ್ದ ಎಣ್ಣೆ ಭೀಮೆಯ ಹಾದಿಯಲ್ಲಿ ಕಲಬುರಗಿ ಜಿಲ್ಲೆಯ ಕಡೆಗೇ ಹರಿಯುತ್ತದೆ. ಕುಡಿಯುವ ನೀರಲ್ಲದ ಜಾಗ ಹುಡುಕಿ, ಚೆಲ್ಲದ ಹಾಗೆ ತುಂಬಿ.

ಲೈಫ್ ಜಾಕೆಟ್ ತೊಟ್ಟು, ಕಿಲ್ ಸ್ವಿಚ್ಚಿನ ದಾರವನ್ನು ಮೈಗೆ ಕಟ್ಟಿಕೊಂಡೇ ಥ್ರಾಟಲ್ ಹಿಡಿಯಿರಿ. ಪುಣೆ ಬಳಿಯ ಸುದುಂಬರೆಯಲ್ಲಿ ನೆಲೆಯಿರುವ ಎನ್‌ಡಿಆರ್‌ಎಫ್ 5ನೇ ಬೆಟಾಲಿಯನ್ ಪ್ರವಾಹಕ್ಕೆ ಇಳಿಯುವುದು ಔಟ್‌ಬೋರ್ಡ್ ಕಟ್ಟಿದ ರಬ್ಬರ್ ದೋಣಿಗಳಲ್ಲೇ. ಅಲ್ಲಿ ಎಂಜಿನ್ನಿಗೆ ಒಂದೇ ಪರೀಕ್ಷೆ: ದಾರ ಎಳೆದಾಗ ಶುರುವಾಗಬೇಕು, ದಡ ಸೇರುವವರೆಗೆ ನಿಲ್ಲಬಾರದು. ನಿಮ್ಮ ಓಟದ ಎಂಜಿನ್ ಮೊದಲು ಈ ಪರೀಕ್ಷೆ ಪಾಸಾಗಲಿ. ಆಮೇಲೆ ನೋಟ್‌ಬುಕ್ ತೆರೆದು, ಬೇರೆ ಬೇರೆ ಪಿಚ್ಚಿನ ಎರಡು ಪ್ರೊಪೆಲ್ಲರ್ ಹಿಡಿದು ನೀರಿಗಿಳಿಯಿರಿ.