ಹೊಸದುರ್ಗ ಸೀಮೆಯ ನಿರ್ಗುಂದ ಅರಸ

ಪ್ರಶ್ನೆ: ಬೈಜಾಂಟೈನ್ ಸಾಮ್ರಾಜ್ಯದ ಚರಿತ್ರೆ ಓದುವಾಗ ಅಕಮಿರ್ ಎಂಬ ಸ್ಲಾವ್ ಒಡೆಯನ ಹೆಸರು ಸಿಕ್ಕಿತು. ಚಕ್ರವರ್ತಿಗಳ ನೆರಳಿನಲ್ಲಿದ್ದ ಇಂಥ ಸಣ್ಣ ಒಡೆಯರು ಅದೇ ಕಾಲದಲ್ಲಿ ನಮ್ಮ ಚಿತ್ರದುರ್ಗದ ಕಡೆ ಇದ್ದರೇ? ಅವರ ಬಗ್ಗೆ ಏನು ತಿಳಿದಿದೆ?
– ಓದುಗರೊಬ್ಬರು, ಭೀಮಸಮುದ್ರ

ಉತ್ತರ: ಇದ್ದರು, ಅದೂ ನಿಮ್ಮ ಜಿಲ್ಲೆಯಲ್ಲೇ. ಹೊಸದುರ್ಗ ತಾಲ್ಲೂಕಿನ ಇಂದಿನ ನೀರಗುಂದ ಎಂಟನೆಯ ಶತಮಾನದಲ್ಲಿ ನಿರ್ಗುಂದ ಎಂಬ ನಾಡಿಗೆ ಹೆಸರು ಕೊಟ್ಟ ಊರು. ಅದನ್ನು ತಲಕಾಡಿನ ಗಂಗರ ಕೈಕೆಳಗಿನ ಒಂದು ಮನೆತನ ಆಳುತ್ತಿತ್ತು.

ಮೊದಲು ನಿಮ್ಮ ಅಕಮಿರನ ವಿಷಯ. ಥೆಸಲಿಯ ಕಡೆಯ ವೆಲ್ಜಿತಿಯ ಎಂಬಲ್ಲಿನ ಸ್ಲಾವರಿಗೆ ಅವನು ಮುಖ್ಯಸ್ಥ. 799ರಲ್ಲಿ, ಅಥೆನ್ಸಿನಲ್ಲಿ ಸೆರೆಯಿದ್ದ, ಚಕ್ರವರ್ತಿ ಐದನೆಯ ಕಾನ್‌ಸ್ಟಂಟೈನನ ಮಕ್ಕಳನ್ನು ಬಿಡಿಸಿ ಅವರಲ್ಲೊಬ್ಬನನ್ನು ಪಟ್ಟಕ್ಕೇರಿಸುವ ಸಂಚಿನಲ್ಲಿ ಸೇರಿಕೊಂಡ. ಮಹಾರಾಣಿ ಐರೀನ್‌ಗೆ ಸುದ್ದಿ ಮುಟ್ಟಿತು. ಆ ರಾಜಕುಮಾರರ ಕಣ್ಣು ಕೀಳಿಸಲಾಯಿತು. ಅಕಮಿರನಿಗೆ ಏನಾಯಿತೆಂದು ಇದನ್ನು ಬರೆದಿಟ್ಟ ಥಿಯೊಫನಿಸ್ ಹೇಳುವುದಿಲ್ಲ. ಅವನ ಹೆಂಡತಿ ಯಾರು, ನೆಲ ಎಷ್ಟು, ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದ, ಒಂದೂ ಇಲ್ಲ. ಸಿಂಹಾಸನದ ಜಗಳಕ್ಕೆ ತಾಗಿಕೊಂಡದ್ದರಿಂದ ಮಾತ್ರ ಅವನ ಹೆಸರು ಉಳಿಯಿತು.

ನಿರ್ಗುಂದದವರು ಉಳಿದದ್ದು ಬೇರೆ ದಾರಿಯಿಂದ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ಸಿಕ್ಕ ತಾಮ್ರಶಾಸನವನ್ನು ಬಿ. ಎಲ್. ರೈಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಪ್ರಕಟಿಸಿದರು. ಅದರ ಕಾಲ ಶಕ 698, ಅಂದರೆ ಕ್ರಿ.ಶ. 776, ಗಂಗ ಶ್ರೀಪುರುಷನ ಆಳ್ವಿಕೆಯ ಐವತ್ತನೆಯ ವರ್ಷ. ಅದರಲ್ಲಿ ಮೊದಲು ಬರುವವನು ದುಂಡು ಎಂಬ ನಿರ್ಗುಂದ ಯುವರಾಜ. ಬಾಣರ ಕುಲವನ್ನು ಕಂಗೆಡಿಸಿದವನೆಂಬುದು ಅವನ ಹೆಗ್ಗಳಿಕೆ. ಅವನ ಮಗ ಪರಮಗೂಳ, ಪೃಥ್ವೀ ನಿರ್ಗುಂದರಾಜ ಎಂಬ ಬಿರುದಿನವನು. ಪರಮಗೂಳನ ಹೆಂಡತಿ ಕುಂದಾಚ್ಚಿ. ಅವಳ ತಂದೆ ಸಗರಕುಲದ ಮರುವರ್ಮ, ತಾಯಿ ಪಲ್ಲವಾಧಿರಾಜನೊಬ್ಬನ ಮಗಳು. ಶ್ರೀಪುರದ ಉತ್ತರಕ್ಕೆ ‘ಲೋಕತಿಲಕ’ ಎಂಬ ಜಿನಾಲಯವನ್ನು ಕಟ್ಟಿಸಿದವಳು ಈ ಕುಂದಾಚ್ಚಿ. ಅದರ ಜೀರ್ಣೋದ್ಧಾರಕ್ಕೂ ಪೂಜೆಗೂ ದಾನಕ್ಕೂ ನಿರ್ಗುಂದ ನಾಡಿನ ಪೊನ್ನಳ್ಳಿ ಎಂಬ ಊರನ್ನು ಶ್ರೀಪುರುಷ ಬಿಟ್ಟುಕೊಟ್ಟ. ಊರಿನ ಎಲ್ಲೆಯನ್ನು ದಿಕ್ಕು ದಿಕ್ಕಿಗೂ ಬರೆಸಿದ್ದಾನೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ಊರು ನಿರ್ಗುಂದ ನಾಡಿನದೇ, ಆಳುವವನು ಪರಮಗೂಳನೇ. ಆದರೂ ದಾನ ಕೊಟ್ಟವನು ಶ್ರೀಪುರುಷ; ಪರಮಗೂಳನದು ಬಿನ್ನಹ ಮಾತ್ರ. ತನ್ನ ನಾಡಿನ ಒಂದು ಹಳ್ಳಿಯನ್ನು ತೆರಿಗೆಯಿಂದ ಬಿಡಿಸಲೂ ಮೇಲಿನವನ ಅಪ್ಪಣೆ ಬೇಕಿತ್ತು. ಸಾಮಂತನ ಅಧಿಕಾರ ಎಲ್ಲಿಗೆ ನಿಲ್ಲುತ್ತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಗೊತ್ತಿಲ್ಲ. ಮೇಲಿನವನಿಗೂ ಇವರು ಬೇಕಾಗಿತ್ತು. ಎಂಟು ವರ್ಷ ಹಿಂದೆ, 768ರಲ್ಲಿ, ರಾಷ್ಟ್ರಕೂಟ ಒಂದನೆಯ ಕೃಷ್ಣ ಗಂಗರ ಮಾನ್ಯಪುರದಲ್ಲೇ, ಇಂದಿನ ನೆಲಮಂಗಲದ ಮಣ್ಣೆಯಲ್ಲಿ, ಬೀಡುಬಿಟ್ಟಿದ್ದ. ಅಂಥ ಏಟು ತಿಂದ ಮುದಿ ಅರಸ ಉತ್ತರದ ಅಂಚಿನ ಸಾಮಂತನ ಬಿನ್ನಹವನ್ನು ತಳ್ಳಿಹಾಕುವಂತಿರಲಿಲ್ಲ ಎಂದೇ ನನ್ನ ಎಣಿಕೆ.

ಈ ಶಾಸನದಲ್ಲಿ ನನಗೆ ಅತ್ಯಂತ ಪ್ರಿಯವಾದವಳು ಕುಂದಾಚ್ಚಿ. ಗಂಡನ ಹೆಸರಿನ ಪಕ್ಕದಲ್ಲಿ ಅವಳ ಹೆಸರು, ಅವಳ ತಂದೆತಾಯಿಯರ ಕುಲ, ಅವಳು ಕಟ್ಟಿಸಿದ ಬಸದಿ, ಎಲ್ಲ ಇವೆ. ಪರಮಗೂಳ ಗೆದ್ದ ಯುದ್ಧ ಯಾವುದೂ ನಮ್ಮ ನೆನಪಿನಲ್ಲಿಲ್ಲ. ಹೆಂಡತಿಯ ಬಸದಿಗಾಗಿ ಕೇಳಿದ ಊರಿನಿಂದಲೇ ಅವನೂ ಉಳಿದ. ಸಗರ, ಪಲ್ಲವ, ನಿರ್ಗುಂದ ಮನೆತನಗಳು ನೆಂಟಸ್ತಿಕೆಯಿಂದ ಹೆಣೆದುಕೊಂಡಿದ್ದವೆಂದು ತಿಳಿಯುವುದೂ ಅವಳ ಮೂಲಕ.

ಈ ಸೀಮೆಯ ಮುಂದಿನ ಕಥೆ ನೊಳಂಬರೆಂಬ ಅರಸುಮನೆತನದ್ದು. ಹೆಂಜೇರು, ಅಂದರೆ ಈಗ ಆಂಧ್ರದಲ್ಲಿರುವ ಹೇಮಾವತಿ, ಅವರ ರಾಜಧಾನಿ. ಅಕಮಿರನ ಕಾಲಕ್ಕೆ ಅವರಲ್ಲಿ ಸಿಂಹಪೋತನ ಮಗ ಚಾರುಪೊನ್ನೇರ ರಾಷ್ಟ್ರಕೂಟ ಮೂರನೆಯ ಗೋವಿಂದನ ಸಾಮಂತ. ಚಿತ್ರದುರ್ಗ ಸೀಮೆ ಕ್ರಮೇಣ ನೊಳಂಬವಾಡಿ 32000ದ ಒಳಗೆ ಸೇರಿತು. ಹತ್ತನೆಯ ಶತಮಾನದಲ್ಲಿ ಗಂಗ ಮಾರಸಿಂಹ ಅವರನ್ನು ಸೋಲಿಸಿ ‘ನೊಳಂಬಕುಲಾಂತಕ’ ಎಂಬ ಬಿರುದು ಹೊತ್ತ. ಕುಲವೇನೂ ಅಂತ್ಯವಾಗಲಿಲ್ಲ, ಹನ್ನೊಂದನೆಯ ಶತಮಾನದಲ್ಲಿಯೂ ಕಲ್ಯಾಣದ ಚಾಲುಕ್ಯರ ಕೈಕೆಳಗೆ ನೊಳಂಬರು ಆಳುತ್ತಿದ್ದರು.